ಹದಿಮೂರು ಎಲುಬು

ದಾರಿಯಲ್ಲಿ ಸಿಕ್ಕವರೆಲ್ಲ ಮೊದಲು ಕೇಳುವುದು ಇದೇ:
‘ಹೊಟ್ಟೆಗೆ ಹಾಕಲ್ವೇನ್ರೀ ಪಾಪದ್ದಕ್ಕೆ?’
ಎಷ್ಟು ಜನಕ್ಕೆ ಹೇಳಲಿ,
ದಿನಕ್ಕೆ ಆರು ರೊಟ್ಟಿ, ಅರ್ಧ ಕೇಜಿ ಕೋಳಿಕಾಲು,
ಮೇಲೆ ತನುಜಾಳ ತಟ್ಟೆಯಿಂದ ಕದ್ದದ್ದು ಬೇರೆ;
ಮುಧೋಳದ ತಳಿ, ಇರೋದೇ ಹೀಗೆ,
ತಿಂದದ್ದೆಲ್ಲ ಕಾಲಿಗೆ ಇಳಿಯುತ್ತದೆ.

ಅದರ ಪಕ್ಕೆ ಮುಟ್ಟಿ ಮುಟ್ಟಿ
ಮಗಳು ಎಣಿಕೆ ಕಲಿತಳು.
ಹದಿಮೂರರವರೆಗೆ ಸಲೀಸು.
ಅಂಗನವಾಡಿಯಲ್ಲಿ ಟೀಚರ್ ‘ಮುಂದೆ?’ ಅಂದರೆ
‘ಹೊಟ್ಟೆ’ ಅಂದಳಂತೆ.

ಮಲಗಿದರೆ ಸುರುಳಿ ಸುರುಳಿ, ಅದಕ್ಕೇ ಹೆಸರು ಚಕ್ಕುಲಿ.
ಎದ್ದರೆ ಮನೆ ಸಾಲದು.
ಜೋಗಿಮಟ್ಟಿ ರಸ್ತೆಯ ಇಪ್ಪತ್ತು ಮೂವತ್ತರ ಸೈಟು,
ಅಡುಗೆಮನೆಯಿಂದ ಬಾಗಿಲಿಗೆ ಎರಡೇ ನೆಗೆತ.
ಡಿಶ್ ವೈರು ಹರಿಯಿತು, ಸೊಳ್ಳೆಪರದೆ ಹರಿಯಿತು,
ಹಗ್ಗ ಹಿಡಿದ ನನ್ನ ಬಲಭುಜ ಇನ್ನೂ ಮೇಲೇಳುವುದಿಲ್ಲ.
ಜಬೀನಾಳ ಕೋಳಿಗೆ ಆರುನೂರು ಎಣಿಸಿದೆ,
ಮೊಟ್ಟೆ ಇಡುವ ಕೋಳಿ ಅಂತ ಇನ್ನೂರು ಜಾಸ್ತಿ.

‘ಮಾರಿಬಿಡು’ ಅಂದೆ ಪಾಲಯ್ಯನಿಗೆ.
ಗುಡ್ಡದ ಗಾಳಿಯಂತ್ರಕ್ಕೆ ಗ್ರೀಸ್ ಹಚ್ಚುವ ನನ್ನ ಗಂಡ
ಅಷ್ಟುದ್ದ ಏಣಿ ಹತ್ತಿ ಇಳಿದು ಬಂದವನು
ನಾಯಿಯ ಮಗ್ಗುಲಿಗೆ ನೆಲದ ಮೇಲೇ ಒರಗಿ
ನನಗಲ್ಲ, ಅದಕ್ಕೆ ಹೇಳಿದ: ‘ನೋಡೋಣ.’

ಒಂದು ಭಾನುವಾರ ಎಲ್ಲರೂ ಗುಡ್ಡಕ್ಕೆ ಹೋದೆವು.
ಇಳಿಹೊತ್ತು. ಯಂತ್ರದ ರೆಕ್ಕೆಗಳ ನೆರಳು
ಒಂದರ ಹಿಂದೊಂದು ಹುಲ್ಲು ಸವರಿ ಓಡುತ್ತಿದ್ದವು.
ಹಗ್ಗ ನನ್ನ ಕೈಲಿತ್ತು.
ಆಮೇಲೆ ಇರಲಿಲ್ಲ.

ಅದು ಓಡುವುದನ್ನು ನಾನು ಅಲ್ಲಿಯವರೆಗೆ ನೋಡಿಯೇ ಇರಲಿಲ್ಲ,
ಮನೆಯೊಳಗೆ ಕಂಡದ್ದು ಬರೀ ಡಿಕ್ಕಿ.
ನಾಲ್ಕೂ ಕಾಲು ಒಟ್ಟಿಗೆ ನೆಲ ಬಿಟ್ಟವು,
ಬೆನ್ನು ಬಿಲ್ಲಾಯಿತು, ನೆಟ್ಟಗಾಯಿತು, ಬಿಲ್ಲಾಯಿತು.
ಇನ್ನೇನು ಸಿಕ್ಕಿತು ಅನ್ನುವಾಗ ನೆರಳು
ಅದರ ಬೆನ್ನೇರಿ ದಾಟಿ ಹೋಯಿತು.
ಮತ್ತೊಂದು ಬಂತು. ಅದರ ಹಿಂದೆಯೂ ಓಡಿತು.
‘ಚಕ್ಕುಲೀ’ ಅಂತ ಕೂಗಿದೆವು. ಚಕ್ಕುಲಿಯಂತೆ ಚಕ್ಕುಲಿ!
ಬೇಟೆಗೆ ಬಿದ್ದ ಕಣ್ಣಿಗೆ ಕಿವಿ ಇರುವುದಿಲ್ಲ.

ಆಗ ಅತ್ತೆ ಬೋರಮ್ಮ
ಬಾಯಲ್ಲಿದ್ದ ಎಲೆಯಡಿಕೆ ಉಗಿದು
ಎರಡು ಬೆರಳು ನಾಲಿಗೆಯಡಿ ಮಡಚಿ
ಸಿಳ್ಳೆ ಹಾಕಿದಳು.

ಹೆತ್ತ ಮಗನೇ ಬಾಯಿ ಬಿಟ್ಟು ನಿಂತ.
ಒಂಬತ್ತು ವರ್ಷ ಒಂದೇ ಒಲೆಯ ಮುಂದೆ ಇದ್ದೇವೆ,
ಆ ಬಾಯಲ್ಲಿ ಇಂಥದೊಂದು ಇದೆ ಅಂತ
ನನಗೂ ತಿಳಿದಿರಲಿಲ್ಲ.

ನಾಯಿ ತಿರುಗಿತು. ಯಾರದೋ ಕಾಲದಿಂದ ಬರುವ ಹಾಗೆ ಬಂತು.
‘ನಮ್ಮಪ್ಪನ ಹತ್ರ ಇಂಥವು ನಾಕಿದ್ವು.
ಒಂದಕ್ಕೂ ಹೆಸರಿರಲಿಲ್ಲ’ ಅಂದಳು ಅತ್ತೆ,
ಕೂತು ಅದರ ಪಾದದ ಮುಳ್ಳು ಕಿತ್ತಳು.
ಮತ್ತೇನೂ ಹೇಳಲಿಲ್ಲ. ನಾವೂ ಕೇಳಲಿಲ್ಲ.

ಈಗ ಭಾನುವಾರ ತಪ್ಪಿಸುವ ಹಾಗಿಲ್ಲ.
ಗಾಳಿ ಬಿದ್ದು ರೆಕ್ಕೆ ನಿಂತ ದಿನ
ಚಕ್ಕುಲಿ ನೆರಳಿನ ಮೇಲೊಂದು ಕಾಲಿಟ್ಟು ಕೂತು
ನಮ್ಮ ಕಡೆ ನೋಡುತ್ತದೆ,
ಹಿಡಿದೆ ಅಂತಲೋ, ಇದು ಸತ್ತಿದೆ ಅಂತಲೋ.
ತನುಜಾ ಎರಡು ಬೆರಳು ಬಾಯಿಗಿಟ್ಟು
ಕೆನ್ನೆ ಉಬ್ಬಿಸಿ ಊದುತ್ತಾಳೆ.
ಬರೀ ಗಾಳಿ ಬರುತ್ತದೆ, ಒಂದಿಷ್ಟು ಜೊಲ್ಲು.