ಖಟಕ್

ಕೊಳ್ಳುವುದಾದರೆ ಮೊದಲೇ ಹೇಳಿಬಿಡುತ್ತೇನೆ, ಉಮಾಕಾಂತ,
ಇದರ ಸ್ಪ್ರಿಂಗಿಗೆ ಉಪ್ಪುಗಾಳಿ ಆಗಿಬರುವುದಿಲ್ಲ.
ತಿಂಗಳಿಗೊಮ್ಮೆ ಸೀಮೆಎಣ್ಣೆಯಲ್ಲಿ ಅದ್ದಬೇಕು,
ಕೋಳಿಪುಕ್ಕದಿಂದ ಒಳಗಿನ ಮರಳು ತೆಗೆಯಬೇಕು.
ಕೊಬ್ಬರಿ ಎಣ್ಣೆ ಮಾತ್ರ ಬೇಡ. ನಾನು ಹಾಕಿದ್ದೆ,
ಡಿಸೆಂಬರಿನ ಒಂದು ಬೆಳಗ್ಗೆ ಹೆಪ್ಪುಗಟ್ಟಿ
ಅರ್ಧಕ್ಕೇ ನಿಂತಿತ್ತು ಅಲಗು,
ಆಕಳಿಕೆಯ ನಡುವೆ ನಿದ್ದೆಹೋದ ಮುದುಕನ ಹಾಗೆ.

ಬೇಟೆಯ ಚಾಕು ಅಂತೆ ಇದು.
ಡಬ್ಬಿಯ ಮೇಲೆ ಕವಲುಕೊಂಬಿನ ಜಿಂಕೆ ಇತ್ತು.
ಬೈತಖೋಲದ ಧಕ್ಕೆಗೆ ಜಿಂಕೆ ಎಲ್ಲಿಂದ ಬರಬೇಕು?
ಐದು ವರ್ಷದಲ್ಲಿ ಇದು ಕೊಯ್ದದ್ದು
ನೈಲಾನ್ ಹಗ್ಗ, ಐಸು ಮುಚ್ಚಿದ ಗೋಣಿಯ ಹೊಲಿಗೆ,
ಮಗಳ ಹುಟ್ಟುಹಬ್ಬದ ಕೇಕು.
ಕಾಳಿ ನದಿಯ ಬಾಯಲ್ಲಿ ಕಲ್ವ ಬಿಡಿಸಲು ಹೋಗಿ
ಮೊನೆ ಎಳ್ಳಿನಷ್ಟು ಮುರಿದಿದೆ, ನೋಡು, ಇಲ್ಲಿ.
ಅದು ನನ್ನ ತಪ್ಪು, ಚಾಕುವಿನದಲ್ಲ.

ಕಾಡು ಕಂಡದ್ದು ಒಂದೇ ಸಲ.
ಕದ್ರಾದ ಆಚೆ ಶೇವಂತಿಯ ಸೋದರಮಾವನ ಜೊತೆ
ಹಂದಿಗೆ ಕಾದು ಕೂತಿದ್ದೆ.
ಕಾನೂನು ಗೊತ್ತು, ನೀನು ಯಾರಿಗೂ ಹೇಳಬೇಡ.
ಎರಡು ತಾಸು ಸೊಳ್ಳೆಗೆ ರಕ್ತ ಕೊಟ್ಟೆವು.
ಹಂದಿ ಬಂತು. ಗೆಣಸಿನ ಪಾತಿಗೆ ಮೂತಿ ಇಟ್ಟಿತು.
ನನ್ನ ಹೆಬ್ಬೆರಳು ತಡೆಯಲಿಲ್ಲ.
ಖಟಕ್.
ಅಷ್ಟೇ. ಗಿಡಗಳು ಸ್ವಲ್ಪ ಹೊತ್ತು ಅಲ್ಲಾಡಿದವು.
ಬೇಟೆಯ ಚಾಕು ಮೃಗಕ್ಕೆ ಮುಂಚೆಯೇ ತಿಳಿಸಿಬಿಟ್ಟಿತು.
ಮಾವ ಕಾರವಾರದವರೆಗೂ ಮಾತಾಡಲಿಲ್ಲ,
ಬಸ್ಸಿನಲ್ಲಿ ತನ್ನೊಬ್ಬನ ಟಿಕೆಟ್ಟು ಮಾತ್ರ ತೆಗೆದ.

ಮಾಜಾಳಿ ಗೇಟಿನಲ್ಲಿ ಒಮ್ಮೆ ಹಿಡಿದರು.
ಹೊಸ ಪೊಲೀಸು, ಹುಡುಗು ಮೀಸೆ.
ಬೆರಳಿನಿಂದ ಅಲಗು ಅಳೆದ, ನನ್ನ ಮುಖ ಅಳೆದ.
‘ಎರಡೂ ಕೈ ಮೇಲೆತ್ತು’ ಅಂದ.
ಎತ್ತಿದೆ.
ಬಲಗೈ, ಮತ್ತೆ
ಟ್ರಾಲರಿನ ವಿಂಚು ಉಳಿಸಿಕೊಟ್ಟಷ್ಟು ಎಡಗೈ.
ಆತ ಬೇರೆ ಕಡೆ ನೋಡುತ್ತ ಚಾಕು ಕೊಟ್ಟ.
ಮಡಿಸದೆ ಕೊಟ್ಟ, ಹಿಡಿ ನನ್ನ ಕಡೆಗೆ ಮಾಡಿ.

ಆ ವರ್ಷ ಮನೆಯಲ್ಲಿ ಎಲ್ಲರೂ
ನನ್ನ ಕೈಯಿಂದ ಕಸಿದು ಬಿಚ್ಚಿ ಕೊಡುತ್ತಿದ್ದರು.
ಬಿಸ್ಕತ್ತಿನ ಪೊಟ್ಟಣ, ಬೀಡಿಕಟ್ಟು,
ಇನ್ಶುರೆನ್ಸಿನವರ ಲಕೋಟೆ.
ಹಡಗಿನಿಂದ ರಜೆಗೆ ಬಂದ ರೋಹಿದಾಸ
ಎಲ್ಲರಿಗೂ ಸೋಪು, ಸೆಂಟು, ಟಾರ್ಚು ಹಂಚಿ
ಕೊನೆಗೆ ಈ ಡಬ್ಬಿಯನ್ನು ನನ್ನ ಚಾಪೆಯ ಮೇಲೆ ಇಟ್ಟ.
‘ಅಲ್ಲಿ ಅಗ್ಗಕ್ಕೆ ಸಿಕ್ಕಿತು’ ಅಂದ.
ಕೈಯ ವಿಷಯ ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.
ರಾತ್ರಿ ಹಿತ್ತಿಲಿಗೆ ಹೋಗಿ
ಎಷ್ಟು ಸಲ ಒತ್ತಿದೆನೋ.
ಪಕ್ಕದ ಮನೆಯ ನಾಯಿ ಬೊಗಳಿ ಬೊಗಳಿ ಸುಸ್ತಾಯಿತು.

ತೆರೆಯುವುದು ತಾನೇ.
ಮುಚ್ಚುವುದು ನಾನೇ.
ಅಲಗಿನ ಬೆನ್ನನ್ನು ತೊಡೆಗೆ ಒತ್ತಿ ಮಡಿಸಬೇಕು,
ಎಲ್ಲ ಪ್ಯಾಂಟಿಗೂ ಒಂದೇ ಜಾಗದಲ್ಲಿ ಸವೆದ ಗೆರೆ.
ಶೇವಂತಿ ಅಲ್ಲಿ ಹಳೆ ಚಪ್ಪಲಿಯ ಚರ್ಮ ಹೊಲಿದಿದ್ದಾಳೆ,
ನಾನು ಕೇಳಿರಲಿಲ್ಲ.
ಮತ್ತೆ, ಲಿಂಬೆಹಣ್ಣು.
ಚಾಕು ಒಂದೇ ಕೈಗೆ ತೆರೆದುಕೊಳ್ಳುತ್ತದೆ, ಸರಿ,
ಲಿಂಬೆಹಣ್ಣಿಗೆ ಅದು ಗೊತ್ತಿಲ್ಲ,
ಉರುಳುತ್ತದೆ.
ಮಂಡಿಯಲ್ಲಿ ಹಿಡಿದು ಕೊಯ್ಯಲು ಕಲಿತೆ,
ಬಂಗುಡೆಯ ಮೇಲೆ ಹಿಂಡಿದಾಗ
ನನ್ನ ಬೆವರಿನ ವಾಸನೆಯೂ ಸ್ವಲ್ಪ ಇರುತ್ತದೆ.
ತಿನ್ನುವವರು ತಿನ್ನುತ್ತಾರೆ.

ಬೆಲೆ ಆಮೇಲೆ ಮಾತಾಡೋಣ.
ನೀನು ಆಗಿನಿಂದ ಇದನ್ನು
ಎರಡು ಕೈಯಲ್ಲಿ ಹಿಡಿದು ತಿರುಗಿಸುತ್ತಿದ್ದೀ.
ಹಾಗೆ ನೋಡಿದರೆ ಇದು ಏನೂ ಹೇಳುವುದಿಲ್ಲ.
ಎಡಗೈ ಕಿಸೆಯೊಳಗೆ ಇಡು.
ಪೂರ್ತಿ, ಮಣಿಕಟ್ಟಿನವರೆಗೆ.
ಹಾಂ.
ಈಗ ಒತ್ತು.