ಸೀಟಿನ ಕೆಳಗಿನ ಕ್ಲ್ಯಾಂಪು

ಮೂರನೇ ಸಲವೂ ಜಾರಿತು,
ಬ್ಲೇಕ್ ಸ್ಟ್ರೀಟಿನ ನಡು ಏರಿನಲ್ಲಿ,
ನಡೆಯುವವರಿಗೇ ಕಬ್ಬಿಣದ ಕಂಬಿ ನೆಟ್ಟಿರುವ ಕಡೆ.
ಮೋಟಾರು ಕಿರ್ರೆಂದಿತು, ಚಕ್ರ ಸುಮ್ಮನಿತ್ತು.
ಇಳಿದು ನೋಡಿದರೆ ಇಡೀ ಡಬ್ಬಿಯೇ
ಮುನಿದ ಕೂಸಿನ ಹಾಗೆ ಮಗ್ಗುಲಾಗಿ
ಟೈರಿಗೆ ಬೆನ್ನು ಹಾಕಿ ಕೂತಿದೆ.

ತಳ್ಳಿಕೊಂಡು ಹೋದೆ. ಆಸ್ಪತ್ರೆಯ ಲಾಂಡ್ರಿಯಲ್ಲಿ
ಆರು ಗಂಟೆಯ ಪಾಳಿಗೆ ಆರೂ ಇಪ್ಪತ್ತು.
ಮೇಲ್ವಿಚಾರಕ ಗಡಿಯಾರ ನೋಡಿದ,
ನನ್ನನ್ನು ನೋಡಲಿಲ್ಲ.

ಕಿಟ್ಟು ಸೆಕೆಂಡ್ ಹ್ಯಾಂಡ್. ನಲವತ್ತು ಪೌಂಡು.
ಜೊತೆಗೆ ಬಂದ ಕಾಗದದಲ್ಲಿ ಒಂದು ಚಿತ್ರ, ಒಂದು ಬಾಣ,
"ಚೆನ್ನಾಗಿ ಬಿಗಿಯಿರಿ."
ಬಿಗಿದೆ. ಅಂಗೈಯಲ್ಲಿ ಅಲೆನ್ ಕೀ
ಆರು ಮೂಲೆ ಅಚ್ಚೊತ್ತುವಷ್ಟು ಬಿಗಿದೆ.
ಬೋಲ್ಟಿನ ತಲೆ ಸವೆದು ದುಂಡಗಾಯಿತು.
ರೋಲರನ್ನು ಟೈರಿಗೆ ಇನ್ನಷ್ಟು ಅಮುಕಿದೆ.
ಮರುದಿನ ಟೈರಿನ ಮೈ ಕರಿಪುಡಿಯಾಗಿ ಉದುರಿತು
ಮಡ್‌ಗಾರ್ಡಿನ ತುಂಬ, ನನ್ನ ಸಾಕ್ಸಿನ ತುಂಬ.
ಮಳೆ ಬಂದರಂತೂ ಮುಗಿಯಿತು,
ಸೋಪಿನ ಮೇಲೆ ಸೋಪು.

ಪಕ್ಕದ ಮನೆಯ ಐರೀನ್ ಸ್ಟ್ಯಾನಿಫೋರ್ತ್, ಎಂಬತ್ತಾರು,
ಗೋಡೆಯಾಚೆಯಿಂದ ಕತ್ತು ನೀಡಿದಳು:
"ಏನೇ ಹುಡುಗಿ, ಕೊಲ್ಲೋಕೆ ಹೊರಟಿದ್ದೀಯಾ ಅದನ್ನ?"
ಹದಿನೈದನೇ ವಯಸ್ಸಿಗೇ ಮೈಗೆ ಕಂದು ಕಾಗದ ಸುತ್ತಿಕೊಂಡು
ತಿರುಗುವ ಚಕ್ರಕ್ಕೆ ಚಮಚ ಹಿಡಿದವಳು,
ಯಾರ್ಯಾರದೋ ಬಾಯಿಗೆ ಹೊಳಪು ಕೊಟ್ಟವಳು.
ಎಡ ಹೆಬ್ಬೆರಳು ಇವತ್ತಿಗೂ ಚಪ್ಪಟೆ.

ಕೀ ಕಸಿದುಕೊಂಡಳು.
ಅವಳ ಬೆರಳು ಕ್ಲ್ಯಾಂಪಿನೊಳಗೆ ಹೊಕ್ಕು
ನಾಡಿ ನೋಡಿದಂತೆ ಕೊಳವೆಯನ್ನು ಸುತ್ತಿ ಬಂತು.
"ಸಡಿಲ ಎಲ್ಲಿ ಬಂತು? ಅಳತೆಯೇ ದೊಡ್ಡದು.
ಅಕ್ಕನ ಬಳೆ ತಂಗಿಗೆ ತೊಡಿಸಿ
ಕೈ ಹಿಸುಕಿದರೆ ಏನಾಗುತ್ತೆ?"
(ಬಳೆ ಎನ್ನಲಿಲ್ಲ ಅವಳು, ಉಂಗುರ ಎಂದಳು.
ಬಳೆ ನನ್ನದು.)

ಖಾಲಿ ಬಿಯರ್ ಕ್ಯಾನು ಕತ್ತರಿಸಿದೆವು, ಎರಡು ಸುತ್ತು.
ಸಾಲಲಿಲ್ಲ. ಹಳೆಯ ಟ್ಯೂಬಿನದೊಂದು ಪಟ್ಟಿ.
ಹೆಚ್ಚಾಯಿತು, ಬಿಚ್ಚು. ಮತ್ತೆ ಸುತ್ತು.
ಅಷ್ಟರಲ್ಲಿ ಅವಳ ಚಹಾ ಆರಿ ಮೇಲೆ ಕೆನೆ ಕಟ್ಟಿತ್ತು.
ಕೊನೆಗೆ ರೋಲರಿನ ಸರದಿ. ಅಮುಕಲು ಹೋದೆ.
"ಒತ್ತಬೇಡ, ಒರಗಿಸು," ಅಂದಳು,
"ಬೇಕಾದಷ್ಟನ್ನು ಚಕ್ರ ತಾನೇ ಎಳೆದುಕೊಳ್ಳುತ್ತೆ."

ಎಷ್ಟು ಅಂತ ಕೇಳಿದೆ. ಲೆಕ್ಕ ಹೇಳಲಿಲ್ಲ.
ನನ್ನ ಮುಂಗೈ ಮೇಲೆ ಆ ಚಪ್ಪಟೆ ಹೆಬ್ಬೆರಳಿಟ್ಟಳು.
ಇಷ್ಟು.

ಶೆಫೀಲ್ಡಿಗೆ ಬಂದು ಐದು ಚಳಿಗಾಲ.
ರಕ್ತ ತೆಗೆದ ನರ್ಸನ್ನು ಬಿಟ್ಟರೆ
ಆ ಜಾಗವನ್ನು ಯಾರೂ ಮುಟ್ಟಿರಲಿಲ್ಲ.

ಇವತ್ತು ಬೆಳಿಗ್ಗೆ ಏರು ಹತ್ತಿದೆ. ತುಂತುರು.
ಅರ್ಧದಲ್ಲೊಮ್ಮೆ ಕಿರ್ರೆಂದಿತು, ಎದೆ ಝಲ್ಲೆಂದಿತು,
ಎರಡು ಸಲ ಪೆಡಲು ತುಳಿದೆ,
ಮತ್ತೆ ಹಿಡಿಯಿತು.
ಸವೆದ ಬೋಲ್ಟು ಇನ್ನೂ ಹಾಗೇ ಇದೆ.
ಬದಲಿಸಬೇಕು. ಐರೀನಳನ್ನು ಕೇಳಬೇಕು,
ಭಾನುವಾರ ಬಿಡುವಿದೆಯೇ ಅಂತ.