ನೇರ ಹಿಡಿಯಬಾರದು

ಒಂದೇ ನಿಯಮ: ಯಾವುದನ್ನೂ ನೇರ ಹಿಡಿಯಬಾರದು.
ಬಳ್ಳಾರಿ ಗುಡ್ಡವನ್ನೂ.
ಅದು ಸಿಕ್ಕಿದ್ದು ಮಿಲ್ಲರ್ ಪೇಟೆಯ ನಲ್ಲಿ ಹತ್ತಿರ,
ಎರ್ರೆಮ್ಮನ ಸ್ಟೀಲ್ ಕೊಡದ ಹೊಟ್ಟೆಯಲ್ಲಿ.
ಅಷ್ಟು ದೊಡ್ಡ ಕಲ್ಲು ಬಾಗಿ, ಸೊಂಟಕ್ಕೇರಿ,
ಒಮ್ಮೆ ತುಳುಕಿ, ಓಣಿಯೊಳಗೆ ಹೋಯಿತು.
ಹನ್ನೊಂದು ಸೆಕೆಂಡು.

ಮದುವೆ ವಿಡಿಯೋ ನನ್ನ ಕಸುಬು.
ಹದಿನಾಲ್ಕು ವರ್ಷ ಅಕ್ಷತೆ, ಅರಿಷಿಣ, ಬೀಗರ ಊಟ;
ಲೈಟ್ ಹಿಡಿಯುವ ಖಾಜಾ ‘ಸ್ಮೈಲ್ ಕೊಡ್ರಿ’ ಅಂತಾನೆ,
ಕೊಡುತ್ತಾರೆ.
ಆಷಾಢ ಬಂದರೆ ಕ್ಯಾಮೆರಾಗೆ ಕೆಲಸವಿಲ್ಲ,
ಬ್ಯಾಟರಿಯಲ್ಲಿ ಮಾತ್ರ ಚಾರ್ಜು ಇರುತ್ತದೆ.

ಮಿರ್ಚಿ ಬಂಡಿಯ ಬಾಣಲೆ. ಎಣ್ಣೆ ಕಾಯುವ ಮುಂಚೆ
ಹುಲುಗಪ್ಪನ ಮುಖ ಅದರಲ್ಲಿ ಸರಿಯಾಗಿಯೇ ಇತ್ತು.
ಮೊದಲ ಮೆಣಸಿನಕಾಯಿ ಬಿದ್ದದ್ದೇ
ಮೂಗು, ಕಿವಿ, ಮೀಸೆ ಗುಳ್ಳೆಗುಳ್ಳೆಯಾಗಿ ಕುದ್ದು ಹೋದವು.
‘ತೆಗದಿದ್ದು ತೋರ್ಸು’ ಅಂದ. ತೋರಿಸಿದೆ.
‘ದಿನಾ ಹಿಂಗ ಆಗ್ತೈತಿ’ ಅಂದು ಜಾಲಿ ಸೌಟು ತಿರುವಿದ.

ಅದಿರಿನ ಲಾರಿಯ ಕನ್ನಡಿಗೆ ಕೆಂಪು ಪೊರೆ.
ಡ್ರೈವರು ಹೆಬ್ಬೆರಳಲ್ಲಿ ರೂಪಾಯಿ ಅಗಲ ಒರೆಸಿಕೊಂಡಿದ್ದ;
ಅದರಲ್ಲಿ ಹಿಡಿಸುವಷ್ಟು ರಸ್ತೆ ಅವನಿಗೆ ಸಾಕು.
ನನಗೂ ಸಾಕಾಯಿತು. ಒಂದು ಎಮ್ಮೆ ದಾಟಿತು:
ಮೊದಲು ಕೋಡು,
ಆಮೇಲೆ ಬಹಳ ಹೊತ್ತು ಕಪ್ಪು,
ಕೊನೆಗೆ ಬಾಲ.

ಜೀನ್ಸ್ ಹೊಲಿಯುವ ಶೆಡ್ಡಿನಲ್ಲಿ ತಾಮ್ರದ ಗುಂಡಿಗಳು.
ಒಂದೊಂದರ ಮೇಲೂ ಒಂದು ಟ್ಯೂಬ್‌ಲೈಟು, ಅಕ್ಕಿನುಚ್ಚಿನಷ್ಟು.
ಶಂಶಾದ್ ಬೀ ಮೆಷಿನ್ನು ತುಳಿದಾಗೊಮ್ಮೆ
ಇಡೀ ಶೆಡ್ಡು ಒಂದು ಪ್ಯಾಂಟಿಗೆ ಬಿಗಿದು ಕೂರುತ್ತದೆ.
ಎಲ್ಲೋ ಯಾರೋ ಅದನ್ನು ಹಾಕಿಕೊಂಡು ಬಸ್ಸು ಹತ್ತುತ್ತಾರೆ.
ಶೆಡ್ಡು ಅಲ್ಲೇ ಉಳಿಯುವುದಿಲ್ಲ, ಗೊತ್ತು.

ಹಿಂದಿನ ಮೋರಿಯಲ್ಲಿ ಬಣ್ಣದ ನೀರು;
ಅದರಲ್ಲಿ ಆಕಾಶ, ಮೇಲಿರುವುದಕ್ಕಿಂತ ನೀಲಿ.
ಅದನ್ನು ಡಿಲೀಟ್ ಮಾಡಿದೆ.
ತೀರಾ ಚೆನ್ನಾಗಿತ್ತು.

ರಾತ್ರಿ ಎಡಿಟಿಂಗಿಗೆ ಕೂತಾಗ ಕಂಡದ್ದು:
ಕೊಡದಲ್ಲಿ, ಎಣ್ಣೆಯಲ್ಲಿ, ಗುಂಡಿಗಳಲ್ಲಿ,
ನಟ್ಟನಡುವೆ ಎಳ್ಳಿನಷ್ಟು ಒಂದು ಕಪ್ಪು.
ಕೊಡದ್ದನ್ನು ಹಿಗ್ಗಿಸಿದೆ. ನಾನು.
ಒಂದು ಕಣ್ಣು ಮುಚ್ಚಿ, ಬಾಯಿ ತೆರೆದು, ಎರ್ರೆಮ್ಮನ ಹಿಂದೆ ಹಿಂದೆ.
ಹದಿನಾಲ್ಕು ವರ್ಷದ ಒಂದು ಮದುವೆಯಲ್ಲೂ ಇಲ್ಲದವನು.

ಅಳಿಸಬಹುದಿತ್ತು. ಖಾಜಾಗೆ ಐದು ನಿಮಿಷದ ಕೆಲಸ.
ಅವನು ಸ್ಕ್ರೀನಿಗೆ ಮೂಗು ತಾಗಿಸಿ ನೋಡಿದ:
‘ಸರ, ನಿಮ್ ಎಡಗಡೆ ಕಾಲರ್ ಹರದೈತಿ.’
ಮುಟ್ಟಿ ನೋಡಿಕೊಂಡೆ. ಎಡಗಡೆ ಸರಿಯಿತ್ತು.
ಹರಿದದ್ದು ಬಲಗಡೆ.